ಬುರಾನುದ್ದೀನ ಚಾಚಾರ ಮೊದಲನೇ ಹಾಳಿ

ಅಫಜಲಪುರ ಬಸ್ ಸ್ಟ್ಯಾಂಡ ಎದುರಿಗಿನ ನನ್ನ ಪ್ರಮಿಲಾ ಆನ್‌ಲೈನ್ ಅಂಗಡಿಗೆ ಬುರಾನುದ್ದೀನ ಚಾಚಾ ಬಂದ್ರಂದ್ರ ಅರ್ಧಾ ತಾಸು ಹೋತು ಅಂತನ ತಿಳೀರಿ. ನಲವತ್ತು ವರ್ಷ ಕಚೇರಿ ಮುಂದಿನ ಬೇವಿನ ಗಿಡದ ಬುಡಕ ಕುಂತು ಮಂದಿಗೆ ಅರ್ಜಿ ಬರಕೊಟ್ಟ ಮನುಷ್ಯ. ನಿಜಾಮನ ಕಾಲದ ಉರ್ದು ಕಾಗದ ಓದಿ ಕನ್ನಡದಾಗ ಹೇಳಾವ್ರು ನನಗ ಗೊತ್ತಿದ್ದಂಗ ಅವರೊಬ್ರ. ಚಷ್ಮಾದ ಒಂದು ಕಡ್ಡಿ ಮುರದದ, ದಾರ ಕಟ್ಟ್ಯಾರ. ಬ್ಯಾರೇದು ತಗೋರಿ ಅಂದ್ರ, "ಕಾಣಸ್ತದಲ್ಲ ಬೇಟಿ" ಅಂತಾರ. ಪ್ರಶ್ನೆ ಮಾತ್ರ ಕೇಳಿ ಕೇಳಿ ತಲಿ ತಿಂತಾರ.

ಅವತ್ತು ಸಂಜಿಮುಂದ ಗೊಬ್ಬೂರದ ನಿಂಬೆವ್ವನ ಕರಕೊಂಡು ಬಂದಿದ್ರು. ಬಾವಿ ಹೊಲ ನಿಮ್ಮಪ್ಪಂದಲ್ಲ ಅಂತ ಆಕಿ ಕಾಕಾನ ಮಕ್ಕಳು ತಕರಾರ ತಗದಿದ್ರು. ಅಪ್ಪನ ಹೆಸರಿದ್ದ ಹಳೇ ಉರ್ದು ಕಾಗದ ಟ್ರಂಕಿನಾಗ ಸಿಕ್ಕಿತ್ತು, ಪುಸ್ತಕದಂಗ ಕಟ್ಟಿದ ಏಳು ಹಾಳಿ. ಹೆಸರಿದ್ದ ಮೊದಲನೇ ಹಾಳಿ ಸಂಜಿ ಐದರೊಳಗ ಸರ್ಕಾರದ ವೆಬ್‌ಸೈಟಿಗೆ ಏರಿಸಬೇಕಿತ್ತು, ಇಲ್ಲಂದ್ರ ಹೊಲ ಹೋದಂಗ. ಮುಂಜಾನೆನ ಆಕಿ ಕಾಗದ ಕೊಟ್ಟು ಹೋದಾಗ ನಾ ಏಳೂ ಹಾಳಿ ಸ್ಕ್ಯಾನ್ ಮಾಡಿ, ಒಂದರಿಂದ ಏಳು ನಂಬರ್ ಹಾಕಿ ಇಟ್ಟಿದ್ದೆ.

'ಫೈಲ್ ಆರಿಸಿ' ಅನ್ನೂದು ಒತ್ತಿದೆ. ಆ ಸೈಟಿನ ಮ್ಯಾಲೇ ನನ್ನ ಫೋಲ್ಡರ್ ಎಲ್ಲಾ ತೆರಕೊಂಡ್ವು: ಅನುಜಾ ಬರ್ತಡೇ, ಘತ್ತರಗಿ ಫೋಟೋ, ನಿಂಬೆವ್ವ.

ಚಾಚಾ ಗಾಬರಿಯಾದ್ರು. "ಬೇಟಿ, ಸರ್ಕಾರದವರ ಹತ್ರ ನಿನ್ನ ಮಗಳ ಬರ್ತಡೇ ಯಾಕ ಅದ?"

"ಅವರ ಹತ್ರ ಇಲ್ರಿ. ಇದು ನಮ್ಮ ಕಂಪ್ಯೂಟರಿಂದು. ನಾವು ಆರಿಸಿದ್ದಷ್ಟ ಅಲ್ಲಿಗೆ ಹೋಗ್ತದ."

"ಅಂದ್ರ ಈ ಕಿಡಕಿ ನಮ್ಮನಿದು?"

"ಹೌದ್ರಿ."

"ಮತ್ತ ಅವರ ಗ್ವಾಡ್ಯಾಗ ಯಾಕ ಅದ?"

ಆರು ವರ್ಷದಿಂದ ಇದನ್ನ ಮಾಡಾಕತ್ತೇನಿ, ನನಗೂ ಒಂದು ಗಳಿಗಿ ಯಾವುದು ನಮ್ಮದು ಯಾವುದು ಅವರದು ತಿಳೀದಂಗಾತು. ಗಡಿಯಾರದಾಗ ಐದಕ್ಕ ಹತ್ತ ಕಮ್ಮಿ. ನಿಂಬೆವ್ವ ಸೆರಗಿನ ತುದಿ ಹಿಂಡಾಕತ್ತಿದ್ಲು. ಆಕಿ ಹೆಸರಿನ ಫೋಲ್ಡರ್ ತಗದು ಒಂದನೇ ನಂಬರಿನ ಮ್ಯಾಲ ಬಾಣ ಇಟ್ಟೆ.

ಚಾಚಾ ಪರದೆಗೆ ಬೆರಳು ಹಚ್ಚಿದ್ರು. "ಅದಲ್ಲ ಬೇಟಿ, ಆ ಕಡಿಂದ..."

ನನ್ನ ತಲಿ ಕೆಟ್ಟೇ ಹೋತು. "ಚಾಚಾ, ನಿಮಗ ಕೈ ಮುಗೀತೇನಿ, ಸುಮ್ಮನ ಕುಂದರ್ರಿ!"

ಪಾಪ, ಸ್ಟೂಲಿನ ಮ್ಯಾಲ ಕುಂತ್ರು. ನಾ ಒತ್ತಿಬಿಟ್ಟೆ. ಸಲ್ಲಿಸಲಾಗಿದೆ ಅಂತ ಹಸರ ಅಕ್ಷರ ಬಂತು. ಇನ್ನ ಬದಲಾಯಿಸಲು ಬರುವುದಿಲ್ಲ ಅಂತನೂ ಕೆಳಗ ಬಂತು. ಏರಿಸಿದ ಹಾಳಿದು ಒಂದು ಪ್ರಿಂಟ್ ತಗದು ನಿಂಬೆವ್ವನ ಕೈಯಾಗ ಕೊಟ್ಟೆ.

ಆಕಿ ಖುಷಿಲೆ ಚಾಚಾನ ಮುಂದ ಹಿಡದ್ಲು. "ಸಾಹೇಬ್ರ, ನಮ್ಮಪ್ಪನ ಹೆಸರು ಎಲ್ಲದ ತೋರಸ್ರಿ."

"ಇದರಾಗ ಇಲ್ಲವ್ವ," ಅಂದ್ರು ಚಾಚಾ. "ಇದು ಕಡೀ ಹಾಳಿ. ನಕಲು ಮಾಡಿದ ಕಾರಕೂನನ ಸಹಿ ಅಷ್ಟ ಅದ. ಉರ್ದು ಕಾಗದ ಬಲಗಡಿಂದ ಶುರುವಾಗ್ತದ. ಪ್ರಮಿಲಾ ಕನ್ನಡದ್ದರಂಗ ಎಡಗಡಿಂದ ನಂಬರ್ ಹಾಕ್ಯಾಳ. ನಿಮ್ಮಪ್ಪ ಏಳನೇದರಾಗ ಇದ್ದಾನ."

"ಅಯ್ಯ, ಮೊದಲ ಯಾಕ ಹೇಳಲಿಲ್ರಿ ಚಾಚಾ!" ಅಂತ ಚೀರಿದೆ.

ಅವರು ಚಷ್ಮಾದ ದಾರ ಕಿವಿಗೆ ಸುತ್ತಿಕೊಂಡ್ರು. "ಹೇಳಾಕತ್ತಿದ್ದೆ ಬೇಟಿ. ನೀನ ಸುಮ್ಮನ ಕುಂದರ್ರಿ ಅಂದಿ."

ನಿಂಬೆವ್ವಗ ಓದಾಕ ಬರೂದಿಲ್ಲ. ಆ ಹಾಳಿ ಮ್ಯಾಲ ಬೆರಳಿಟ್ಟು ಆಕಿ ಇನ್ನಾ ಹುಡುಕಾಕತ್ತಿದ್ಲು.