ಮಂಜಿನಲ್ಲಿ ಅತ್ತೆ ಊದಿದ ಹಾರ್ನ್

೨೦೦೫ರ ಬೇಸಿಗೆಯಲ್ಲಿ ಅತ್ತೆ ಹುಬ್ಬಳ್ಳಿಯಿಂದ ನಮ್ಮಲ್ಲಿಗೆ ಬಂದಾಗ, ನಾನೂ ನನ್ನ ಗಂಡನೂ ಸ್ಯಾನ್ ಡಿಯಾಗೊದಲ್ಲಿ ದೋಣಿಗಳು ತಂಗುವ ಮರೀನಾದಲ್ಲಿ ಒಂದು ಹಾಯಿದೋಣಿಯಲ್ಲಿ ವಾಸಿಸಲು ತೊಡಗಿ ಮೂರು ವರ್ಷವಾಗಿತ್ತು. ನಮಗೆ ಅದನ್ನು ಮಾರಿದ ದಂಪತಿ ಅಲಾಸ್ಕದ ಕರಾವಳಿಯುದ್ದಕ್ಕೂ ಅದರಲ್ಲೇ ಆರು ಬೇಸಿಗೆ ತಿರುಗಾಡಿದವರು. ಹಾಗಾಗಿ ದೋಣಿ ಗಟ್ಟಿ, ಒಳಗೆ ಡೀಸೆಲ್ ಒಲೆ ಬೇರೆ. ಬೆಳಿಗ್ಗೆ ನಾನು ಅಲ್ಲಿಂದಲೇ ಸೊರೆಂಟೊ ವ್ಯಾಲಿಯ ಆಫೀಸಿಗೆ ಹೊರಡುತ್ತಿದ್ದೆ, ನನ್ನ ಗಂಡ ಕರ್ನಿ ಮೆಸಾದ ತಮ್ಮ ಆಫೀಸಿಗೆ.

ಅತ್ತೆಗೆ ಮಾತ್ರ ಇದನ್ನು ಹೇಳಿರಲಿಲ್ಲ. 'ಮನೆ ನೀರಿನ ಹತ್ತಿರ ಇದೆ' ಎಂದಷ್ಟೇ ಫೋನಿನಲ್ಲಿ ತಿಳಿಸಿದ್ದೆವು. ಸ್ಯಾನ್ ಡಿಯಾಗೊದಲ್ಲೇ ಇರುವ ಸ್ನೇಹಿತರ ಮನೆಯಲ್ಲಿ ಅವರಿಗೆಂದು ಕೋಣೆಯನ್ನೂ ಸಿದ್ಧಮಾಡಿಸಿದ್ದೆವು. ಲಾಸ್ ಏಂಜಲೀಸ್ ಏರ್‌ಪೋರ್ಟಿನಿಂದ ಹೊರಟ ಕಾರಿನಲ್ಲಿ ನನ್ನ ಗಂಡ ಅಳುಕುತ್ತಲೇ ನಿಜ ಹೇಳಿದರು.

ಅತ್ತೆ ಕಿಟಕಿಯಿಂದ ಮುಖ ತಿರುಗಿಸಿ ಮಗನನ್ನು ನೋಡಿದರು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು ಅವರು.

"ನೀವು ದಿನಾ ಅದರಾಗ ಮಲಗ್ತೀರಿಲ್ಲೋ?"

"ಹೌದವ್ವಾ."

"ಮತ್ತ ನಾನೂ ಅದರಾಗ ಮಲಗ್ತೀನಿ. ಮಂದಿ ಮನ್ಯಾಗ ಯಾಕಿರಬೇಕು?"

ಎರಡನೆಯ ವಾರಕ್ಕೆ ಅವರು ದೋಣಿಯ ಪುಟ್ಟ ಅಡಿಗೆಕಟ್ಟೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಸದ್ದು ಕೇಳಿ ಪಕ್ಕದ ದೋಣಿಯವರು ಏನೋ ರಿಪೇರಿ ನಡೆದಿದೆ ಎಂದು ವಿಚಾರಿಸಲು ಬಂದು, ರೊಟ್ಟಿ ತಿಂದು ಹೋದರು.

ಜೂನ್‌ನಲ್ಲಿ ನಾವು ಮೂವರೂ ಕ್ಯಾಟಲಿನಾ ದ್ವೀಪಕ್ಕೆ ಹೊರಟೆವು. ಮೊದಲ ದಿನ ಕರಾವಳಿಗುಂಟ ಉತ್ತರಕ್ಕೆ ಸಾಗಿ ಡಾನಾ ಪಾಯಿಂಟಿನಲ್ಲಿ ತಂಗಿದೆವು. ಮರುದಿನ ದ್ವೀಪದ ಕಡೆ ತಿರುಗಿದಾಗ ಆಕಾಶ ತಿಳಿಯಾಗಿತ್ತು. ಅರ್ಧ ದಾರಿಯಲ್ಲಿ ಮಂಜು ಕವಿಯಿತು. ಲಾಸ್ ಏಂಜಲೀಸ್ ಬಂದರಿಗೆ ಹೋಗುವ ಸರಕು ಹಡಗುಗಳ ದಾರಿಯನ್ನು ನಾವು ದಾಟಬೇಕಿತ್ತು. ಅಲ್ಲಿಗೆ ತಲುಪುವ ಹೊತ್ತಿಗೆ ಎಂಜಿನ್ ಕಾದು, ಅದನ್ನು ನಿಲ್ಲಿಸಬೇಕಾಯಿತು. ತಂಪು ನೀರು ಒಳಗೆಳೆಯುವ ಕೊಳವೆಗೆ ಕಡಲಕಳೆ ಸಿಕ್ಕಿಕೊಂಡಿತ್ತು.

ನನ್ನ ಗಂಡ ಸ್ಕ್ರೂಡ್ರೈವರ್ ಹಿಡಿದು ಕೆಳಗಿಳಿದರು. ಚುಕ್ಕಾಣಿ ನನ್ನ ಕೈಯಲ್ಲಿತ್ತು. ಹಾಯಿಗಳನ್ನು ತುಂಬುವಷ್ಟು ತೆಳುಗಾಳಿ ಇತ್ತು; ಭಯಪಡುವ ಕಾರಣವಿಲ್ಲ ಎಂದು ನಿರ್ಧರಿಸಿದೆ. ರೇಡಿಯೋದಲ್ಲಿ ನಮ್ಮ ಸ್ಥಾನವನ್ನು ಎರಡು ಬಾರಿ ಹೇಳಿದೆ. ಆಮೇಲೆ, ಮಂಜಿನಲ್ಲಿ ಹಾಯಿದೋಣಿಯೊಂದು ಇದೆ ಎಂದು ಹಡಗುಗಳಿಗೆ ತಿಳಿಸಲು, ಬಾಯಿಂದ ಊದುವ ಹಾರ್ನನ್ನು ಅತ್ತೆಯ ಕೈಗೆ ಕೊಟ್ಟೆ.

"ಅತ್ತಿ, ಒಂದು ಉದ್ದ, ಎರಡು ಗಿಡ್ಡ. ಎರಡೆರಡು ನಿಮಿಷಕ್ಕೊಮ್ಮೆ ಊದ್ರಿ."

ಅವರು ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿಕೊಂಡು ಊದಿದರು. ಮೂರನೆಯ ಸಲಕ್ಕೆ ಉತ್ತರವಾಗಿ ಹಡಗೊಂದರ ಹಾರ್ನಿನ ಭಾರವಾದ ದನಿ ಕೇಳಿಸಿತು. ಮಂಜಿನಲ್ಲಿ ಅದು ಎಲ್ಲ ಕಡೆಯಿಂದ ಬಂದಂತಿತ್ತು.

"ಬಲಗಡೆ," ಅಂದರು ಅತ್ತೆ. "ಮುಂದಿನ ಮೂಲ್ಯಾಗ."

"ಖರೇನಾ?"

"ಹಿಂದಿನ ಬೆಂಚಿನ್ಯಾಗ ಯಾರು ಮಾತಾಡಿದ್ರು ಅಂತ ತಿರುಗಿ ನೋಡದ ಹೇಳ್ತಿದ್ದೆ ನಾನು."

ಮುಂದಿನ ದನಿ ಇನ್ನೂ ಹತ್ತಿರದಲ್ಲಿ ಕೇಳಿತು. ಈ ಸಲ ನನಗೂ ಬಲಮುಂದಿನಿಂದಲೇ ಕೇಳಿಸಿತು. ಅದರ ದಾರಿಯನ್ನು ಅಡ್ಡಹಾಯುವ ಬದಲು ಹಿಂದಿರುಗುವುದೇ ಸರಿಯೆನಿಸಿತು. ಚುಕ್ಕಾಣಿ ತಿರುಗಿಸಿ, ಹಾಯಿಯ ಹಗ್ಗ ಬಿಗಿದು, ಬಂದ ದಿಕ್ಕಿಗೇ ದೋಣಿ ನಡೆಸಿದೆ. ಅತ್ತೆ ಒಂದು ಸಲವೂ ತಪ್ಪದೆ ಊದುತ್ತಿದ್ದರು. ಹತ್ತು ನಿಮಿಷವಾದ ಮೇಲೆ ಹಡಗಿನ ಎಂಜಿನ್ನಿನ ಗುಡುಗು ನಮ್ಮ ಹಿಂದೆ ಹಾದುಹೋಯಿತು. ಹಡಗು ಕಣ್ಣಿಗೆ ಬೀಳಲೇ ಇಲ್ಲ. ಅದೆಬ್ಬಿಸಿದ ಅಲೆಗಳು ಬಂದು ದೋಣಿಯನ್ನು ತೂಗಿದಾಗ ನಾನು ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟರು.

ಎಂಜಿನ್ ಮತ್ತೆ ಶುರುವಾಯಿತು. ಮೊಣಕೈವರೆಗೂ ಎಣ್ಣೆ ಮೆತ್ತಿಕೊಂಡು ಮೇಲೆ ಬಂದ ನನ್ನ ಗಂಡ, "ಏನಾತು?" ಎಂದು ಕೇಳಿದರು.

"ಒಂದು ಹಡಗ ಬಂದಿತ್ತು, ಹೋತು," ಅಂದರು ಅತ್ತೆ.

ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿ, ದ್ವೀಪದ ಕಂದು ಗುಡ್ಡಗಳು ಕಂಡವು. ಮೂರು ದಿನ ಅಲ್ಲಿದ್ದೆವು. ಮರಳುವ ದಿನ ನಿಚ್ಚಳ ಬಿಸಿಲಿತ್ತು. ಅತ್ತೆ ತಾವಾಗಿಯೇ ನನ್ನ ಪಕ್ಕ ಬಂದು ಕೂತರು. "ನೀ ಸ್ವಲ್ಪ ಅಡ್ಡಾಗು. ನನಗ ದಿಕ್ಕು ತೋರ್ಸಿ ಕೊಡು," ಅಂದರು.

ಚುಕ್ಕಾಣಿಯನ್ನು ಅವರ ಕೈಗೆ ಕೊಟ್ಟು, ದಿಕ್ಸೂಚಿಯ ಮುಳ್ಳು ಎಲ್ಲಿರಬೇಕೆಂದು ತೋರಿಸಿದೆ. ಹಡಗು ಕಂಡರೆ ನನ್ನನ್ನು ಎಬ್ಬಿಸಲು ನನ್ನ ಗಂಡ ಅವರ ಎದುರಿಗೇ ಕೂತಿದ್ದರು. ನಾನು ಒಳಗೆ ಹೋಗಿ, ಎರಡು ಗಂಟೆ ಗಾಢವಾಗಿ ನಿದ್ದೆ ಮಾಡಿದೆ.