ದೊರೆಯ ಸಹಿ

ಮಸ್ಕತ್ತಿನ ಮೇ ತಿಂಗಳ ಬಿಸಿಲಿನಲ್ಲೂ ಟೈ ಬಿಚ್ಚದ ಒಬ್ಬರೇ ಒಬ್ಬರನ್ನು ನಾನು ಕಂಡಿದ್ದೇನೆ. ಹಮ್ರಿಯಾದ ನಮ್ಮ ಟೈಪಿಂಗ್ ಅಂಗಡಿಯಲ್ಲಿ, ವೀಸಾ ಅರ್ಜಿಯವರ ಸಾಲಿನ ಕೊನೆಗೆ ಸೆಟೆದು ನಿಲ್ಲುತ್ತಿದ್ದರು. ವೇಲ್ಸ್‌ನ ಹಳೆಯ ಮನೆತನದ ಲಾರ್ಡ್ ಪೆನ್‌ವೆರ್ನ್. ಕೆಲಸಕ್ಕೆಂದು ಬಂದು ನಿವೃತ್ತರಾದ ಮೇಲೂ ಇಲ್ಲೇ ಉಳಿದವರು. ಬೆನ್ನ ಹಿಂದೆ ನಾವು ‘ದೊರೆ’ ಎನ್ನುತ್ತಿದ್ದೆವು. ಕೈ ನಡುಗುತ್ತಿದ್ದುದರಿಂದ ಪತ್ರಗಳನ್ನು ನನ್ನಿಂದ ಟೈಪ್ ಮಾಡಿಸಿ, ಸಹಿ ಮಾತ್ರ ತಾವೇ ಹಾಕುವರು: ‘ಪೆನ್‌ವೆರ್ನ್’. ಲಾರ್ಡುಗಳು ಪದವಿಯ ಹೆಸರೊಂದನ್ನೇ ಬರೆಯುವುದಂತೆ. ಬ್ಯಾಂಕಿಗೂ ಅದೇ, ಒಬ್ಬಳೇ ಮಗಳು ಗ್ವೆನ್‌ಗೂ ಅದೇ.

ಗ್ವೆನ್ ಅಪ್ಪನೊಡನೆ ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಊರಿನ ಮನೆಯಲ್ಲಿ ತಾಯಿಯ ಕೊನೆಗಾಲವನ್ನು ನೋಡಿಕೊಂಡವರು ಅವರು. ಆ ಮನೆಯನ್ನೇ ಅಪ್ಪ ತನ್ನ ತಮ್ಮನ ಮಗನಿಗೆ ಬರೆದುಕೊಟ್ಟಿದ್ದರು.

“ಪದವಿ ಗಂಡಿಗೆ ಹೋಗುತ್ತದೆ. ಅದರ ಹಿಂದೆ ಮನೆಯೂ ಹೋಗಬೇಕು. ಖಲಾಸ್,” ಎಂದರು ಒಮ್ಮೆ. ಇಂಗ್ಲಿಷ್ ಮಾತಿನ ತುದಿಗೆ ಅರಬಿಯ ಒಂದು ಖಲಾಸ್ ಅಂಟಿಸುವುದು ಅವರ ರೂಢಿ.

ನಾನು ಕಾಪು ಕಡೆಯ ಬಂಟರ ಮನೆಯವಳು. ಸುಮ್ಮನಿರಲಾಗಲಿಲ್ಲ. “ನಮ್ಮಲ್ಲಿ ಮನೆ ತಾಯಿಯಿಂದ ಮಗಳಿಗೆ ಬರ್ತದೆ ಸರ್.”

“ಹಾಗಾದರೆ ಅಪ್ಪ ಯಾರು?”

“ಅಪ್ಪ ಬರೀ ಅಪ್ಪ, ಸರ್.”

ಅವರು ನಗಲಿಲ್ಲ.

ಹೋದ ಚಳಿಗಾಲದಲ್ಲಿ ವೈದ್ಯರು ಕೈಚೆಲ್ಲಿದರು. ‘ಒಮ್ಮೆ ಬಂದು ಹೋಗು’ ಎಂದು ದೊರೆ ಮಗಳಿಗೆ ಬರೆಸಿದರು. ಅದರ ಕೆಳಗೆ ನಾನಾಗಿಯೇ ‘ನಿನ್ನ ಅಪ್ಪ’ ಎಂದು ಸೇರಿಸಿಬಿಟ್ಟೆ. ಪಕ್ಕದ ಮೇಜಿನ ಸದಾನಂದಣ್ಣ ಇಣುಕಿ, “ಅವರ ಮನೆ ವಿಷಯ ನಮಗೆಂತಕ್ಕೆ ಮಾರಾಯ್ತಿ?” ಎನ್ನುವಷ್ಟರಲ್ಲಿ ಪ್ರಿಂಟ್ ಹೊರಬಂದಾಗಿತ್ತು.

ದೊರೆ ಓದಿದರು. ಪೆನ್ನು ತೆಗೆದು ಆ ಎರಡು ಪದಗಳ ಮೇಲೆ ಒಂದೇ ಒಂದು ಗೆರೆ ಎಳೆದು, ಕೆಳಗೆ ‘ಪೆನ್‌ವೆರ್ನ್’ ಎಂದು ಸಹಿ ಮಾಡಿದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

“ಬೇರೆ ಪ್ರಿಂಟ್ ಕೊಡ್ತೇನೆ ಸರ್.”

“ಬೇಡ. ಇದೇ ಇರಲಿ. ಖಲಾಸ್.”

ಮತ್ತೆ ಅವರನ್ನು ನಾನು ಕಾಣಲಿಲ್ಲ.

ಗ್ವೆನ್ ಬಂದಿಳಿದಾಗ ಅವರನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಅಂಗಡಿಯನ್ನು ಹುಡುಕಿಕೊಂಡು ಬಂದು, ಪತ್ರ ಬಿಚ್ಚಿ, ಗೆರೆ ಎಳೆದಿದ್ದ ಆ ಎರಡು ಪದಗಳ ಮೇಲೆ ಬೆರಳಿಟ್ಟರು.

“ಜನ್ಮದಲ್ಲಿ ಹೀಗೆ ಬರೆದವರಲ್ಲ. ಬರೆಸಿ, ಆಮೇಲೆ ಧೈರ್ಯ ಸಾಲದೆ ಹೊಡೆದುಹಾಕಿದ್ದಾರೆ. ಇದನ್ನು ನೋಡಿಯೇ ನಾನು ಹೊರಟದ್ದು. ಇದನ್ನು ಹೇಳುವಾಗ ಅವರು ಹೇಗಿದ್ದರು?”

ಸದಾನಂದಣ್ಣ ಕೀಬೋರ್ಡಿನಿಂದ ಕೈ ತೆಗೆದರು. ನಿಜ ಹೇಳಬೇಕೆಂದು ಬಾಯಿ ತೆರೆದೆ. ಆ ಮುಖ ನೋಡಿ ಆಗಲಿಲ್ಲ.

“ತುಂಬ ಹೊತ್ತು ಯೋಚನೆ ಮಾಡಿ ಹೇಳಿದ್ರು,” ಎಂದೆ.