ಕೆಳಗಿನ ಮಡಿಗೆ ಟ್ರ್ಯಾಕ್ಟರ್ ಆರಿಸಿದ್ದು ಅಣ್ಣನಲ್ಲ

ನಾನು ಬರೆದ ಒಂದು ಸುದ್ದಿಯಲ್ಲಿ ಸುಳ್ಳಿದೆ. ಅದು ಅವಸರದಲ್ಲಿ ಆದ ತಪ್ಪಲ್ಲ, ಯಾರೋ ಕೊಟ್ಟ ತಪ್ಪು ಮಾಹಿತಿಯೂ ಅಲ್ಲ. ಗೊತ್ತಿದ್ದೂ ಬರೆದೆ. ಬುಕ್ಕಸಾಗರದ ನಮ್ಮ ಮನೆಗೆ ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರ್ ಬಂದಾಗ ಅದನ್ನು ಆರಿಸಿದ್ದು ನನ್ನ ಅಣ್ಣ ಹಂಪಣ್ಣ ಎಂದು ಬರೆದೆ. ಆರಿಸಿದ್ದು ಅವನ ಹೆಂಡತಿ, ನನ್ನ ಅತ್ತಿಗೆ ಹುಲಿಗೆಮ್ಮ. ಆ ದಿನ ಬದುವಿನ ಮೇಲೆ ಅವಳು ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಅವಳ ಮುಂದೆಯೇ ಹಾದು ಹೋಗಿ ಅಣ್ಣನ ಎದುರು ನೋಟ್‌ಬುಕ್ ತೆರೆದೆ.

ಹೊಸಪೇಟೆಯಿಂದ ಒಂದು ದಿನಪತ್ರಿಕೆಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸುದ್ದಿ ಕಳಿಸಿದವನು ನಾನು. ಜಲಾಶಯದ ನೀರಿನ ಮಟ್ಟ, ಕಾಲುವೆಗೆ ನೀರು ಬಿಡುವ ದಿನ, ಕಂಪ್ಲಿಯ ಭತ್ತದ ಧಾರಣೆ, ಸಂಡೂರಿನ ಅದಿರು ಲಾರಿಗಳ ಸುದ್ದಿ — ಕಂಡದ್ದನ್ನು ಮಾತ್ರ ಬರೆದೆ, ಕೇಳಿದ್ದನ್ನು ಎರಡು ಕಡೆ ವಿಚಾರಿಸಿ ಬರೆದೆ. ನಿವೃತ್ತನಾದ ದಿನ ಗೆಳೆಯರು ಮಾಲೆ ಹಾಕಿದಾಗ, "ನನ್ನ ಒಂದು ಸುದ್ದಿಗೂ ತಿದ್ದುಪಡಿ ಅಚ್ಚಾಗಿಲ್ಲ" ಎಂದು ಎದೆಯುಬ್ಬಿಸಿ ಹೇಳಿದೆ. ಮಾತು ನಿಜವೇ. ಅಚ್ಚಾಗಿಲ್ಲ. ಆದರೆ ಆಗಬೇಕಿತ್ತು.

ಎಂಬತ್ತರ ದಶಕದ ಕೊನೆಯ ಮಾತು. ಕಾಲುವೆಯ ನೀರು ನಮ್ಮ ಕಡೆಯ ಊರುಗಳ ಮೈ ತುಂಬಿಸಿದ್ದ ಕಾಲ. ಕಂಪ್ಲಿಯ ಅಕ್ಕಿ ಗಿರಣಿಗಳ ಮುಂದೆ ಮೊದಲು ಎತ್ತಿನ ಬಂಡಿಗಳು ನಿಲ್ಲುತ್ತಿದ್ದ ಹಾಗೆ ಆಗ ಟ್ರ್ಯಾಕ್ಟರುಗಳು ಸಾಲು ನಿಲ್ಲುತ್ತಿದ್ದವು. ಎಲ್ಲವೂ ಹಿಂದಿನ ಎರಡು ಗಾಲಿ ಎಳೆಯುವಂಥವೇ. ಅಣ್ಣನಿಗೂ ಅಂಥದ್ದೇ ಒಂದು ಬೇಕಿತ್ತು. ಮನೆಯಲ್ಲಿ ಓದಿದವನು ನಾನು ತಾನೇ? ಹೊಸಪೇಟೆಯ ಅಂಗಡಿಗಳಿಂದ ಬಣ್ಣದ ಹಾಳೆಗಳನ್ನು ತಂದೆ, ನ್ಯೂಸ್‌ಪ್ರಿಂಟ್ ಮೇಲೆ ಗೆರೆ ಎಳೆದು ಪಟ್ಟಿ ಮಾಡಿದೆ. ಎಂಜಿನ್ನಿನ ಶಕ್ತಿ, ಡೀಸೆಲ್, ಬಿಡಿಭಾಗ, ತಿರುಗಿಸಲು ಬೇಕಾಗುವ ಜಾಗ. ಗದ್ದೆಗೆ ಇಳಿಸುವಾಗ ಪಂಜರದಂಥ ಕಬ್ಬಿಣದ ಗಾಲಿ ಜೋಡಿಸಿಕೊಂಡರೆ ಎರಡು ಗಾಲಿ ಎಳೆಯುವುದೇ ಸಾಕು ಎಂಬುದು ನನ್ನ ತೀರ್ಮಾನ. ಪಡಸಾಲೆಯಲ್ಲಿ ಕೂತು ಅದನ್ನು ಸಂಪಾದಕೀಯದಂತೆ ಗಟ್ಟಿಯಾಗಿ ಓದಿದೆ.

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತಿಗೆ ತಲೆ ಎತ್ತದೆ ಕೇಳಿದಳು, "ಇದ್ರಾಗ ಕೆಸರು ಎಷ್ಟು ಆಳ ಅಂತ ಬರದಾರೇನು ವಿರುಪಾಕ್ಷಿ?"

"ಗದ್ದಿಗೆಲ್ಲ ಆಗತೈತಿ ಅಂತ ಬರದಾರ ಅತ್ತಿಗೆ."

"ಯಾರ ಗದ್ದಿಗೆ?"

ಅಣ್ಣ ನಕ್ಕ. ನಾನೂ ನಕ್ಕೆ.

ನಮ್ಮ ಹೊಲ ಎರಡು ಬಗೆ. ಮೇಲಿನದು ಕಬ್ಬು ಬೆಳೆಯುವ ಕರಿನೆಲ, ಅಲ್ಲಿ ಯಾವ ಯಂತ್ರವಾದರೂ ನಡೆಯುತ್ತದೆ. ಕೆಳಗಿನದು ಹೊಳೆಯ ಕಡೆಗಿನ ಏಳು ಮಡಿಗಳು, ಬದು ಕಟ್ಟಿದ ಗದ್ದೆಯ ತುಂಡುಗಳು; ಅವಕ್ಕೆ ರಾಜರ ಕಾಲದ ಹಳೆಯ ಕಾಲುವೆಯ ನೀರು. ವರ್ಷವಿಡೀ ನೀರು ಜಿನುಗುವ ನೆಲ, ಒಣಗಿದ್ದನ್ನು ನಾನು ಕಂಡಿಲ್ಲ. ಹಿಂದಿನ ವರ್ಷ ಬಾಡಿಗೆಗೆ ಬಂದಿದ್ದ ಟ್ರ್ಯಾಕ್ಟರ್ ಅಲ್ಲಿನ ಗುಂಡಿ ಮಡಿಯಲ್ಲಿ ಹೂತು ಮೂತಿ ಮೇಲೆತ್ತಿತ್ತು. ಎರಡು ಜೊತೆ ಎತ್ತು ಕಟ್ಟಿ ಎಳೆಸಿದೆವು. ಡ್ರೈವರಿನ ಕೈ ಸರಿಯಿಲ್ಲ ಎಂದು ಅಣ್ಣ ಬೈದಿದ್ದ, ನಾನೂ ಹಾಗೇ ನಂಬಿದ್ದೆ.

ಮರುದಿನ ಅತ್ತಿಗೆ, "ಬಾ, ನಿನ್ನ ಬುಕ್ಕು ತಗಂಡ್ ಬಾ" ಎಂದು ನನ್ನನ್ನು ಗದ್ದೆಗೆ ಕರೆದುಕೊಂಡು ಹೋದಳು. ಸಸಿ ಹಚ್ಚುವ ಹೆಂಗಸರು ಬದುವಿನ ಮೇಲೆ ಮಧ್ಯಾಹ್ನದ ಬುತ್ತಿ ಬಿಚ್ಚಿದ್ದರು. ಅತ್ತಿಗೆ ಅವರ ನಡುವೆ ಕೂತಳು. ಮದುವೆಗೆ ಮುಂಚೆ ಕಂಪ್ಲಿ ಕಡೆಯ ತವರಿನಲ್ಲಿ ತಾಯಿಯ ಜೊತೆ ಮುಯ್ಯಾಳಾಗಿ, ದುಡಿಮೆಗೆ ಬದಲು ದುಡಿಮೆ ಎಂದು, ಬೇರೆಯವರ ಗದ್ದೆಯಲ್ಲಿ ಸಸಿ ಹಚ್ಚಿದವಳು ಅವಳು. ನಮ್ಮ ಮನೆಯಲ್ಲಿ ಅದನ್ನು ಯಾರೂ ಹೆಚ್ಚು ಎತ್ತಿ ಆಡುತ್ತಿರಲಿಲ್ಲ. ಗುಂಪಿನ ಹಿರಿಯಳಾದ ದುರುಗವ್ವನನ್ನು ಕೇಳಿದಳು, "ಗುಂಡಿ ಮಡಿಗೆ ಇಳೀಬೇಕಾದ್ರ ಸೀರಿ ಎಲ್ಲೀತನ ಎತ್ತಿ ಕಟ್ತೀರೆ?"

"ಮೊಣಕಾಲ ಮ್ಯಾಲ್ರೀ ಅವ್ವಾರೆ. ಮಾನ ನೋಡ್ಕಂತ ನಿಂತ್ರ ಸೀರಿ ಉಳಿಯಂಗಿಲ್ಲ." ಹೆಂಗಸರೆಲ್ಲ ಗೊಳ್ಳೆಂದರು. ಒಬ್ಬಳು ನನ್ನ ಕಡೆ ನೋಡಿ, "ಪೇಪರ್ ಸಾಹೇಬ್ರು ಇದನ್ನೂ ಬರ್ಕಂತಾರೇನ ನೋಡ್ರೆ!" ಎಂದಳು.

ಬರೆದುಕೊಂಡೆ. ಒಂದೊಂದೇ ಮಡಿಯ ಹೆಸರು ಹೇಳಿ ಅತ್ತಿಗೆ ಕೇಳುತ್ತ ಹೋದಳು, ಅವರು ತುತ್ತು ನುಂಗುತ್ತ ಉತ್ತರಿಸಿದರು. ಎರಡು ಮಡಿಗೆ ಹಿಮ್ಮಡಿ ಮುಳುಗುವಷ್ಟು. ನಾಲ್ಕಕ್ಕೆ ಮೊಣಕಾಲು. ಕೊನೆಯದು ಹುಣಸೆ ಮರದ ಮಡಿ — "ಅದಕ್ಕ ತಳನ ಇಲ್ರೀ, ಕಾಲು ಊರಿದಂಗೆಲ್ಲ ಇಳೀತೈತಿ." ವರ್ಷಕ್ಕೆ ಎರಡು ಸಲ ಸಸಿ ಹಚ್ಚುತ್ತ ಹಿಂದಕ್ಕೆ ಹೆಜ್ಜೆ ಇಡುತ್ತ ಇಡೀ ಮಡಿಯನ್ನು ಕಾಲಲ್ಲಿ ಅಳೆದವರು ಅವರು. ಕೆಸರು ಎಷ್ಟು, ಅದರ ಕೆಳಗೆ ಗಟ್ಟಿ ನೆಲ ಇದೆಯೋ ಇಲ್ಲವೋ ಎಂಬುದು ಅವರಿಗೆ ಬದುವಿನ ಮೇಲೆ ನಿಂತು ಸೀರೆ ಕಟ್ಟುವಾಗಲೇ ಗೊತ್ತು. ನನ್ನ ಪಟ್ಟಿಯಲ್ಲಿ ಆ ಕಾಲಂ ಇರಲೇ ಇಲ್ಲ.

ಸಂಜೆ ಅತ್ತಿಗೆ ಅಣ್ಣನ ಮುಂದೆ ತೀರ್ಮಾನ ಇಟ್ಟಳು. ನಾಲ್ಕೂ ಗಾಲಿ ಎಳೆಯುವುದೇ ಬೇಕು. ಹುಣಸೆ ಮರದ ಮಡಿಗೆ ಅದನ್ನೂ ಇಳಿಸಬಾರದು, ಅಲ್ಲಿಗೆ ಎತ್ತುಗಳೇ ಇರಲಿ.

"ಊರಾಗ ಯಾರೂ ತಂದಿಲ್ಲ. ಕೆಟ್ರ ರಿಪೇರಿ ಮಾಡಾವ ಯಾರು? ಕಬ್ಬು ಸಾಗ್ಸಾಕ ಎರಡು ಗಾಲೀದು ಸಾಕು. ವಿರುಪಾಕ್ಷಿನೂ ಅದನ್ನ ಹೇಳ್ಯಾನ" ಎಂದ ಅಣ್ಣ.

"ಕಬ್ಬಿಗೆ ಬಾಡಿಗಿ ಲಾರಿ ಸಿಗತಾವ. ಕೆಳಗಿನ ಮಡಿಗೆ ಯಾರು ಬರ್ತಾರ? ಎರಡು ಗಾಲಿ ದುಡಿಯಾದು, ಎರಡು ಗಾಲಿ ಬರೇ ದಾರಿ ತೋರ್ಸಾದು. ನಮ್ಮ ಮನಿ ಹಂಗ ನಡದೈತಿ ಅಂತ ಟ್ರ್ಯಾಕ್ಟರನೂ ಹಂಗ ತರಬೇಕೇನು?"

ಅಣ್ಣ ನನ್ನ ಪಟ್ಟಿಯ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟ. ಆಮೇಲೆ ಅವನೇ ನಕ್ಕ. "ಆತು, ತರತೀನಿ ತಗ. ಆದ್ರ ನಿನ್ನ ಮಾತು ಕೇಳಿ ತಂದೆ ಅಂತ ಊರಾಗ ಹೇಳಬ್ಯಾಡ."

"ನನಗ ಮಡಿ ಹಸನಾದ್ರ ಸಾಕು" ಎಂದಳು ಅತ್ತಿಗೆ.

ಟ್ರ್ಯಾಕ್ಟರ್ ಗುಂಡಿ ಮಡಿಗೆ ಇಳಿದ ದಿನ ಅರ್ಧ ಊರು ಬದುವಿನ ಮೇಲಿತ್ತು. ನಡು ಮಡಿಯಲ್ಲಿ ಹಿಂದಿನ ಗಾಲಿ ಕೆಸರು ಕಾರಿ ನಿಂತಲ್ಲೇ ತಿರುಗಿತು. ಹಿಂದಿನ ವರ್ಷ ಹೂತಿದ್ದೂ ಅದೇ ಜಾಗದಲ್ಲಿ. ಡ್ರೈವರ್ ಮುಂದಿನ ಗಾಲಿ ಹಚ್ಚುವ ಲಿವರ್ ಎಳೆದ. ಯಂತ್ರ ಒಮ್ಮೆ ನಡುಗಿತು, ಮುಂದಿನ ಗಾಲಿಗಳು ಅಡಿಯ ಗಟ್ಟಿ ನೆಲ ಕಚ್ಚಿದವು — ಎದ್ದು ನಡೆಯಿತು. "ಲೇ ಹಂಪಣ್ಣ, ಎಮ್ಮಿ ಈಜಿದಂಗ ಹೊಂಟೈತಲೋ!" ಎಂದು ಪಕ್ಕದ ಗದ್ದೆಯ ಮುದುಕ ಕೂಗಿದ. ಜನ ಕೇಕೆ ಹಾಕಿದರು. ನಾನೂ ಹಾಕಿದೆ. ಇದು ನಮ್ಮ ಮನೆಯದು, ನಮ್ಮ ಊರಿನದು ಎಂಬ ಹೆಮ್ಮೆ ಇಷ್ಟು ವರ್ಷವಾದರೂ ಇಳಿದಿಲ್ಲ. ದುರುಗವ್ವ ಅತ್ತಿಗೆಯ ಭುಜ ಹಿಡಿದು ಅಲ್ಲಾಡಿಸಿದಳು. ಇಬ್ಬರೂ ನಗುತ್ತಿದ್ದರು. ನಾನು ಅವರ ಮುಂದೆ ಹಾದು ಹೋದದ್ದು ಆಗಲೇ.

ಆದರೆ ನಿಜವಾದ ತಪ್ಪು ನಡೆದದ್ದು ಮೇಜಿನ ಮುಂದೆ. ಮೊದಲ ಹಾಳೆಯಲ್ಲಿ ಅತ್ತಿಗೆಯ ಹೆಸರನ್ನೇ ಬರೆದಿದ್ದೆ. ಹೆಂಗಸರ ಕಾಲಿನ ಅಳತೆಯನ್ನೂ ಬರೆದೆ. ಮುಂದಿನ ವಾಕ್ಯ ತಾನಾಗಿ ಬರಬೇಕಿತ್ತು — ಎರಡು ಗಾಲಿಯದೇ ಸಾಕು ಎಂದು ಸಲಹೆ ಕೊಟ್ಟಿದ್ದ ಮನೆಯ ಓದಿದವನ ಮಾತು ತಪ್ಪಾಗಿತ್ತು ಎಂದು. ಪೆನ್ನು ಅಲ್ಲಿ ನಿಂತಿತು. ಹಾಳೆ ಹರಿದೆ. "ಪ್ರಗತಿಪರ ರೈತ ಹಂಪಣ್ಣ ದೂರದೃಷ್ಟಿಯಿಂದ" ಎಂದು ಹೊಸದಾಗಿ ಶುರು ಮಾಡಿದೆ.

ಊರಲ್ಲಿ ಹೇಳಬೇಡ ಎಂದು ಅಣ್ಣ ಹೆಂಡತಿಗೆ ಹೇಳಿದ್ದ, ನಿಜ. ಪೇಪರಿನಲ್ಲಿ ಹೀಗೆ ಬರೆ ಎಂದು ನನಗೆ ಅವನು ಹೇಳಲಿಲ್ಲ. ಕೇಳಲೂ ಇಲ್ಲ. ಅವನ ಮರ್ಯಾದೆ ಉಳಿಸಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಉಳಿಸಿದ್ದು ನನ್ನದು.

ಸುದ್ದಿ ಫೋಟೊ ಸಮೇತ ಬಂತು. ಅಣ್ಣನಿಗೆ ಒಂದು ಸಭೆಯಲ್ಲಿ ಶಾಲು ಹೊದಿಸಿದರು. ಅತ್ತಿಗೆ ಅದನ್ನು ಮಡಚಿ ಟ್ರಂಕಿನಲ್ಲಿಟ್ಟಳು.

ಮುಂದಿನ ವರ್ಷ ಮುಂಗಾರಿನ ಹೊತ್ತಿಗೆ ಮರಿಯಮ್ಮನಹಳ್ಳಿ ಕಡೆಯ ಕೊಟ್ರಪ್ಪ ಎಂಬ ರೈತ ಮನೆಗೆ ಬಂದ. ಜೇಬಿನಿಂದ ನನ್ನ ಸುದ್ದಿಯ ತುಣುಕು ತೆಗೆದು ಅಣ್ಣನ ಮುಂದೆ ಬಿಡಿಸಿದ. "ಇದನ್ನ ಓದಿ ನಾಲ್ಕು ಗಾಲೀದು ತಂದ್ನಿರಿ. ನಾಲ್ಕೂ ಎಳೀತಾವ ಅಂತ ಬರದಿತ್ತು, ನಾಲ್ಕೂ ಹಚ್ಚೇ ಓಡಿಸಿದ್ನಿ. ಮುಂದಿನ ಟೈರು ಬೋಳಾಗ್ಯಾವ, ಗೇರು ಸದ್ದು ಮಾಡತೈತಿ. ಗಾಡಿ ಅಂಗಳದಾಗ ನಿಂತೈತಿ. ಬಾಡಿಗಿ ಎತ್ತು ತಂದು ಬಿತ್ತಾಕ ಹತ್ತೀನಿ. ಓಣ್ಯಾಗ ಎಲ್ಲಾರು ನಗತಾರ."

ಅಣ್ಣ ನನ್ನ ಮುಖ ನೋಡಿದ. ನಾನು ತುಣುಕನ್ನು ನೋಡುತ್ತಿದ್ದೆ. ಚಹಾ ತಂದ ಅತ್ತಿಗೆ ಅಲ್ಲೇ ನಿಂತು ಕೇಳಿದಳು, "ನಿಮ್ಮ ಹೊಲದಾಗ ಕೆಸರು ಕಾಲಿಗೆ ಎಷ್ಟು ಬರತೈತಪ್ಪ?"

"ಕೆಸರೆಲ್ಲೀದವ್ವ? ಗರಸು ನೆಲ ನಮ್ದು. ಮಳಿ ಬಂದ್ರೂ ಚಪ್ಪಲಿ ಹಸಿ ಆಗಂಗಿಲ್ಲ."

"ಹಂಗಾರ ನಿನಗ ಎರಡು ಗಾಲೀದ ಸಾಕಿತ್ತಲ್ಲೋ. ಗಟ್ಟಿ ನೆಲದ ಮ್ಯಾಲ ಮುಂದಿನ ಗಾಲಿ ಹಚ್ಚಿ ಓಡಿಸಿದ್ರ ಟೈರು ತಿಂತೈತಿ. ನಾವೂ ಮಡಿ ದಾಟಿದ ಕೂಡ್ಲೆ ಬಿಡ್ತೀವಿ."

ಕೊಟ್ರಪ್ಪ ತುಣುಕನ್ನು ತಿರುಗಿಸಿ ಮುರುಗಿಸಿ ನೋಡಿದ. "ಪೇಪರ್‌ನಾಗ ಇದ್ಯಾವುದೂ ಬರದಿಲ್ಲಲ್ಲವ್ವ?"

ಬರೆದವನು ಇಲ್ಲೇ ಕೂತಿದ್ದಾನೆ ಎಂದು ಅವಳು ಹೇಳಬಹುದಿತ್ತು. ನನ್ನನ್ನು ನೋಡಿದಳು — ಅದೂ ಒಂದು ಕ್ಷಣ — "ಜಾಗ ಸಾಲಿರಾಕಿಲ್ಲ ಬಿಡಪ್ಪ" ಎಂದಳು.

ಆ ಮಾತು ಕೇಳಿದ ಮೇಲೂ ನಾನು ಬರೆಯಲಿಲ್ಲ. ಎರಡು ಸಾಲಿನ ತಿದ್ದುಪಡಿ ಸಾಕಿತ್ತು. ಮೊದಲ ತಪ್ಪು ಒಂದು ಸಂಜೆಯದು, ಎರಡನೆಯದು ಅಂದಿನಿಂದ ಇಂದಿನವರೆಗೂ ದಿನಾ ನಡೆದದ್ದು. ಅಣ್ಣ ಇರುವಾಗ ಅವನ ಮುಖ ನೋಡಿ ಸುಮ್ಮನಿದ್ದೆ ಎನ್ನಲು ಹೋದರೆ — ಅವನು ಹೋಗಿ ಹತ್ತು ವರ್ಷಕ್ಕೂ ಮೇಲಾಯಿತು.

ಕೊಟ್ರಪ್ಪನ ನಂತರ ಇನ್ನೂ ಹಲವರು ಬಂದರು. ಕುರ್ಚಿಯ ಮೇಲೆ ಅಣ್ಣ ಇರುತ್ತಿದ್ದ, ಪ್ರಶ್ನೆ ಬಾಗಿಲ ಬಳಿಯಿಂದ ಬರುತ್ತಿತ್ತು — ಕೆಸರು ಕಾಲಿಗೆ ಎಷ್ಟು ಬರತೈತಿ? ಕೆಸರು ಗದ್ದೆಯ ಕಂಪ್ಲಿಯಿಂದ ಬಂದವರಿಗೆ ಒಂದು ಉತ್ತರ, ಒಣ ನೆಲದ ಕುರೆಕುಪ್ಪದಿಂದ ಬಂದವರಿಗೆ ಇನ್ನೊಂದು. ಅವಳ ಮಾತು ಕೇಳಿದ ಒಬ್ಬನೂ ತುಣುಕು ಹಿಡಿದು ಮರಳಿ ಬಂದದ್ದನ್ನು ನಾನು ಕಾಣೆ. ನನ್ನ ವೃತ್ತಿಯಲ್ಲಿ ನಾನು ಕಂಡ ಅತ್ಯಂತ ಎಚ್ಚರದ ವರದಿಗಾರ್ತಿ ನನ್ನ ಅತ್ತಿಗೆ. ಬಣ್ಣದ ಹಾಳೆ ನಂಬಲಿಲ್ಲ, ಕೆಸರಿಗೆ ಇಳಿದವರನ್ನು ಕೇಳಿದಳು. ಅದನ್ನು ಹೇಳುವಾಗ ಇವತ್ತಿಗೂ ನನ್ನ ಎದೆ ತುಂಬುತ್ತದೆ. ಆ ಹೆಮ್ಮೆಯನ್ನು ಇಷ್ಟು ವರ್ಷ ಮನೆಯೊಳಗೇ ಇಟ್ಟುಕೊಂಡೆ ಎಂಬುದೇ ನಾಚಿಕೆ.

ಬರೆಯಬೇಕಿದ್ದ ತಿದ್ದುಪಡಿಯನ್ನು ಈಗ ಬರೆಯುತ್ತಿದ್ದೇನೆ. ಬುಕ್ಕಸಾಗರದ ಕೆಳಗಿನ ಮಡಿಗಳಿಗೆ ನಾಲ್ಕು ಗಾಲಿ ಎಳೆಯುವ ಟ್ರ್ಯಾಕ್ಟರನ್ನು ಆರಿಸಿದವರು ಹುಲಿಗೆಮ್ಮ. ಅವರಿಗೆ ಕೆಸರಿನ ಲೆಕ್ಕ ಕೊಟ್ಟವರು ದುರುಗವ್ವ ಮತ್ತು ಅವರ ಜೊತೆ ಸಸಿ ಹಚ್ಚುತ್ತಿದ್ದ ಹೆಂಗಸರು. ತಪ್ಪು ಸಲಹೆ ಕೊಟ್ಟವನು ಮತ್ತು ಅದನ್ನು ಮುಚ್ಚಿಟ್ಟವನು ಈ ವರದಿಗಾರ.

ಅತ್ತಿಗೆ, ಈ ಹಾಳೆ ಅಚ್ಚಿಗೆ ಹೋಗುವ ಮೊದಲು ನಿನ್ನ ಮುಂದೆ ಕೂತು ಓದುತ್ತೇನೆ. ಆಮೇಲೆ ಮರಿಯಮ್ಮನಹಳ್ಳಿಗೆ ಒಂದು ಪ್ರತಿ ಒಯ್ಯುತ್ತೇನೆ. ಕೊಟ್ರಪ್ಪ ಇದ್ದರೆ ಅವನ ಕೈಗೆ, ಇಲ್ಲದಿದ್ದರೆ ಅವನ ಮನೆಯವರ ಕೈಗೆ.

ಜಾಗ ಸಾಲಿರಲಿಕ್ಕಿಲ್ಲ ಎಂದಿದ್ದೆ ನೀನು. ಇತ್ತು ಅತ್ತಿಗೆ. ಆವತ್ತೂ ಜಾಗ ಇತ್ತು.